ಗೇರ್ ಬಾಕ್ಸ್ ಪಾರ್ಟ್ ಇನ್ನೂ ಬಂದಿಲ್ಲವಂತೆ

ಸರ್ವಿಸ್ ಸೆಂಟರ್‌ನವರೇ, ಇವತ್ತೂ ನಿಮ್ಮದು ಅದೇ ಉತ್ತರ. "ಪಾರ್ಟ್ ಬಂದಿಲ್ಲ ಸರ್, ಮುಂದಿನ ವಾರ ಫೋನ್ ಮಾಡ್ತೀವಿ." ಐದು ತಿಂಗಳಿಂದ ಇದನ್ನೇ ಕೇಳಿ ಕೇಳಿ ಸಾಕಾಗಿದೆ! ಗೇರ್ ಬಾಕ್ಸ್‌ನಲ್ಲಿ ದೋಷವಿದೆ, ತಕ್ಷಣ ಗಾಡಿ ತನ್ನಿ ಅಂತ ಮೆಸೇಜ್ ಕಳಿಸಿದ್ದು ನೀವೇ ಅಲ್ವಾ?

ಮೊನ್ನೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಗಾಡಿ ತಾನಾಗೇ ನ್ಯೂಟ್ರಲ್‌ಗೆ ಬಿದ್ದು ನಿಂತಿತು. ಹಿಂದೆ ಲಾರಿ, ಒಂದೇ ಸಮ ಹಾರ್ನ್. ಅಮ್ಮ ಹೆದರಿ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡರು. ಇದೇ ಚಿತ್ರದುರ್ಗದ ಕಡೆ ಹೈವೇಯಲ್ಲಿ ಆಗಿದ್ದರೆ?

ರೀಕಾಲ್‌ಗೆ, ಅಂದರೆ ದೋಷವಿರುವ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆಸಿ ಸರಿಮಾಡಿಕೊಡುವುದಕ್ಕೆ, 2021ರ ಏಪ್ರಿಲ್‌ನಿಂದ ನಿಯಮವೇ ಇದೆ. ರಿಪೇರಿ ಪುಕ್ಕಟೆ ಅಂತೀರಿ. ನಾನು ಹಾಕಿದ ರಜೆಗಳೂ ಪುಕ್ಕಟೆಯಾ? "ಹುಬ್ಬಳ್ಳಿಗೆ ತಗೊಂಡು ಹೋಗಿ" ಅಂತೀರಲ್ಲ, ಗೇರ್ ಬೀಳದ ಗಾಡಿಯನ್ನು ಸುಮಾರು 150 ಕಿಲೋಮೀಟರ್ ಹೇಗೆ ಓಡಿಸಲಿ? "ನಿಧಾನಕ್ಕೆ ಓಡಿಸಿ ಸರ್" ಅನ್ನುವುದಕ್ಕೆ ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ?