ಗುಲಾಮನೇ ದೊಡ್ಡವನು
ಹಳೆಯ ಆಟಗಳ ಕುರಿತ ಲೇಖನ ಚೆನ್ನಾಗಿದೆ. ಚನ್ನೆಮಣೆಗೆ ಹದಿನಾಲ್ಕು ಗುಳಿ ಎಂದದ್ದೂ ಸರಿ. ಆದರೆ ಇಸ್ಪೀಟಿನ ಇಪ್ಪತ್ತೆಂಟರ ಆಟದಲ್ಲಿ ಎಕ್ಕವೇ ದೊಡ್ಡ ಎಲೆ ಎಂದು ಬರೆದಿದ್ದೀರಿ. ತೀರ್ಥಹಳ್ಳಿ ಕಡೆಯ ಜಗಲಿಗಳಲ್ಲಿ ಈ ಮಾತು ನಡೆಯದು ಸ್ವಾಮಿ! ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ತಲಾ 1. ಒಂದು ಬಣ್ಣಕ್ಕೆ 7, ನಾಲ್ಕಕ್ಕೆ 28. ಹೆಸರು ಬಂದದ್ದೇ ಹಾಗೆ. ರಾಜ, ರಾಣಿಯರಿಗೆ ಬರೀ ಸೊನ್ನೆ.

1980ರ ದಶಕದ ಮಳೆಗಾಲದಲ್ಲಿ ನಮ್ಮೂರಿನಲ್ಲಿ ಕರೆಂಟು ಹೋದರೆ ಮೂರು ದಿನ ಪತ್ತೆಯಿರುತ್ತಿರಲಿಲ್ಲ. ಚಿಮಣಿ ಬುಡ್ಡಿಯ ಸುತ್ತ ನಾಲ್ವರು ಕುಳಿತರೆ ಊಟಕ್ಕೂ ಏಳುತ್ತಿರಲಿಲ್ಲ. ಥಂಡಿಗೆ ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಅಜ್ಜ ಅವನ್ನು ಒಲೆಯ ಬಳಿ ಹರಡಿ ಒಣಗಿಸುತ್ತಿದ್ದರು. ನಮ್ಮ ಕಟ್ಟಿನಲ್ಲಿ ಕಳಾವರ್ ಒಂಬತ್ತರ ಬೆನ್ನಿಗೆ ಅಡಿಕೆ ಚೊಗರಿನ ಕೆಂಪು ಕಲೆ ಬಿದ್ದಿತ್ತು. ಅದು ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು, ಗೊತ್ತಿಲ್ಲದವರಂತೆ ಆಡುವುದೇ ಮರ್ಯಾದೆ. ಆಟಕ್ಕೇ ಕೂರದ ಅಜ್ಜಿ ಮಾತ್ರ ಒಳಗಿನಿಂದ ಕಾಫಿ ತರುತ್ತಾ, "ಕಲೆ ಬಿದ್ದದ್ದು ಚಿಕ್ಕಪ್ಪನ ಹತ್ತಿರ ಇದೆ, ಹುಷಾರು ಮಾರಾಯಾ" ಎಂದುಬಿಡುತ್ತಿದ್ದರು. ಚಿಕ್ಕಪ್ಪ ಎಲೆಗಳನ್ನೆಲ್ಲ ಚೆಲ್ಲಿ ಎದ್ದು ಹೋಗುತ್ತಿದ್ದರು, ಕಾಫಿ ಕುಡಿದ ಮೇಲೆ.