ತಿಂಗಳಿಗೆ 300 ಕಷ್ಟ, ದಿನಕ್ಕೆ 10 ಆಗುತ್ತೆ

ಅಣ್ಣನ ಮಗಳು ಇಂಪ್ಯಾಕ್ಟ್ ಇನ್ವೆಸ್ಟಿಂಗ್ ಕಂಪನಿಯೊಂದಕ್ಕೆ ಸೇರುತ್ತಿದ್ದಾಳೆ. ಲಾಭವೂ ಬರಬೇಕು, ಜನರಿಗೂ ಒಳ್ಳೇದಾಗಬೇಕು, ಅಂಥ ಕಡೆ ದುಡ್ಡು ಹಾಕುವ ಕೆಲಸ. "ಚಿಕ್ಕಪ್ಪ, ಇದು ನಮ್ಮ ದೇಶಕ್ಕೆ ಹೊಸದು" ಅಂದಳು. ಹೆಸರು ಹೊಸದು ಮಗಾ, ಕೆಲಸ ಹಳೆಯದು ಅಂದೆ.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳ ಹಾಕಿದರು. ಉಪೇಂದ್ರ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ಡಾಕ್ಟರ್. ಕೈಮಗ್ಗ ನೆಲಕಚ್ಚಿ ನೇಕಾರರು ಕಂಗಾಲಾಗಿದ್ದ ಕಾಲ. ಅವರಿಗೆ ಆಸರೆಯಾಗಲಿ ಅಂತ ಶುರುವಾದ ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಬಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು.

ನಮ್ಮಮ್ಮ ಹೂವಿನ ಅಂಗಡಿ ಇಟ್ಟಿದ್ದರು. ಸಂಜೆ ಪಿಗ್ಮಿಯವರು ಬರುತ್ತಿದ್ದರು. ಜೋರು ಮಳೆ ಬಂದ ದಿನ ಅಮ್ಮ "ಇವತ್ತು ವ್ಯಾಪಾರವೇ ಇಲ್ಲ ಮಾರಾಯ್ರೆ" ಅಂದರೆ "ಅಡ್ಡಿಲ್ಲ ಅಕ್ಕ, ನಾಳೆ ಬರ್ತೇನೆ" ಅಂತ ಹೊರಟುಬಿಡುತ್ತಿದ್ದರು. ಅಷ್ಟೇ. ಆದರೆ ಅದೇ ಅಮ್ಮ ಒಮ್ಮೆ ಸಾಲ ಕೇಳಲು ಬೇರೊಂದು ಕಡೆ ಹೋದಾಗ, ತಿಂಗಳ ಸಂಬಳದ ಚೀಟಿ ತನ್ನಿ ಅಂದರು. ಹೂ ಮಾರುವವರಿಗೆ ಸಂಬಳದ ಚೀಟಿ ಯಾರು ಕೊಡುತ್ತಾರೆ? ಅಮ್ಮ ಮೀಟರ್ ಬಡ್ಡಿಯವನ ಹತ್ತಿರ ಹೋದರು. ಆ ಬಡ್ಡಿ ತೀರಿಸಿದ್ದು ನನಗೆ ಇವತ್ತಿಗೂ ನೆನಪಿದೆ.

ಸೋಲಾರ್ ದೀಪದ ಸೆಲ್ಕೋ ಕಂಪನಿ ಕಟ್ಟಿದ ಹರೀಶ್ ಹಂದೆಯವರ ದಾರಿ ನನಗೆ ಇಷ್ಟವಾಗುವುದು ಇದಕ್ಕೇ. ಕುಂದಾಪುರ ಕಡೆಯವರು, ಬೆಳೆದದ್ದು ರೂರ್ಕೆಲಾದಲ್ಲಿ. ಖರಗ್‌ಪುರ ಐಐಟಿ, ಆಮೇಲೆ ಅಮೆರಿಕದಲ್ಲಿ ಪಿಎಚ್‌ಡಿ. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಶುರುವಾಯಿತು. ಬಡವರಿಗೆ ಸೋಲಾರ್ ದೀಪ ಮಾರುತ್ತೇವೆ, ಪುಕ್ಕಟೆ ಕೊಡುವುದಿಲ್ಲ ಅಂದರು. ಬೀದಿ ವ್ಯಾಪಾರದ ಹೆಂಗಸೊಬ್ಬರು ಅವರಿಗೆ ಹೇಳಿದ ಮಾತನ್ನು ಅವರೇ ಎಷ್ಟೋ ಕಡೆ ಹೇಳಿದ್ದಾರೆ: ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ಆಗುತ್ತೆ. ಲೆಕ್ಕ ಒಂದೇ, ಅಲ್ವಾ? ಆದರೆ ಹೂ ಮಾರುವವರ ಕೈಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ. ದೀಪದಷ್ಟೇ ಮುಖ್ಯವಾದದ್ದು ಕಂತು. ಬ್ಯಾಂಕುಗಳನ್ನು ಒಪ್ಪಿಸಿ, ಅವರವರ ದುಡಿಮೆಗೆ ಹೊಂದುವ ಕಂತು ಮಾಡಿಸಿದ್ದೇ ಹಂದೆಯವರ ದೊಡ್ಡ ಕೆಲಸ ಅಂತ ನನಗನಿಸುತ್ತದೆ. ಸೋಲಾರ್‌ಗೆ ಸಾಲ ಕೊಟ್ಟ ಬ್ಯಾಂಕುಗಳಲ್ಲಿ ಅದೇ ಪಿಗ್ಮಿಯ ಸಿಂಡಿಕೇಟ್ ಬ್ಯಾಂಕ್ ಕೂಡ ಇತ್ತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನನ್ನ ತಕರಾರು ಇರುವುದು ಇಂಪ್ಯಾಕ್ಟ್ ಹೆಸರಲ್ಲಿ ದುಡ್ಡು ಹಾಕುವವರ ಬಗ್ಗೆ. ಬಡವರ ಆದಾಯದಲ್ಲಿ ಏರಿಳಿತ ಇರುತ್ತೆ ಅಂತ ಅವರಿಗೂ ಗೊತ್ತು. ಆದರೂ ಹೆಚ್ಚಿನವರು ತಮ್ಮ ಫಂಡಿಗೆ, ಅಂದರೆ ಹೂಡಲು ಕೂಡಿಸಿದ ದುಡ್ಡಿಗೆ, ಮಾತ್ರ ಸುಮಾರು ಹತ್ತು ವರ್ಷದ ಗಡುವು ಹಾಕಿಕೊಳ್ಳುತ್ತಾರೆ. ಅಷ್ಟರೊಳಗೆ ಕಂಪನಿ ದೊಡ್ಡದಾಗಬೇಕು, ಪಾಲು ಮಾರಿ ಹೊರಬರಬೇಕು. ಆ ಒತ್ತಡ ಕೊನೆಗೆ ಹೂವಿನವರ ಕಂತಿನ ಮೇಲೆ ಬೀಳುತ್ತದೆ. ಒಳ್ಳೇದು ಮಾಡಬೇಕು ಅಂತ ಬಂದವರು ಅಮ್ಮನಿಗೆ ಪಿಗ್ಮಿಯವರು ಕೊಟ್ಟಷ್ಟಾದರೂ ಸಮಯ ಕೊಡಬೇಕು.

ಕೆಲಸಕ್ಕೆ ಸೇರುವ ಮೊದಲು ಒಂದು ವಾರ ನಮ್ಮೂರಿಗೆ ಬಾ, ಪಿಗ್ಮಿ ಕಲೆಕ್ಟರ್ ಜೊತೆ ಪೇಟೆ ಸುತ್ತು ಅಂತ ಅವಳಿಗೆ ಹೇಳಿದ್ದೇನೆ. ಒಪ್ಪಿದ್ದಾಳೆ. ಸೋಮವಾರ ಬರುತ್ತಾಳೆ.