ಎದುರಿನವರು ಇನ್ನೂ ಹೊಡೆದಿಲ್ಲ

ನಿನ್ನೆ ಭಾನುವಾರ ಬಂದ ಸಿಟ್ಟು ಇವತ್ತು ಸೋಮವಾರ ಮಧ್ಯಾಹ್ನವಾದರೂ ಇಳಿದಿಲ್ಲ. ಕುತ್ತಿಗೆಯ ಹಿಂಭಾಗ ಬಿಸಿಲಿಗೆ ಸುಟ್ಟು ಉರಿಯುತ್ತಿದೆ. ಹೆಂಡತಿ ಬೆಳಗ್ಗಿನಿಂದ ನನ್ನ ಜೊತೆ ಎರಡೇ ಮಾತು ಆಡಿದ್ದಾಳೆ. ಒಂದು "ಕಾಫಿ". ಇನ್ನೊಂದು "ಇಟ್ಟಿದ್ದೇನೆ". ಇದಕ್ಕೆಲ್ಲ ಕಾರಣ ಒಂದು ಬಿಳಿ ಟೋಪಿ.

ನಮ್ಮ ಭಾನುವಾರ ನಿಮಗೆ ಗೊತ್ತಿರುವಂಥದ್ದೇ. ಐದೂಕಾಲಕ್ಕೆ ಅಲಾರಂ. ಕತ್ತಲೆಯಲ್ಲಿ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಸಾಕ್ಸು. ಆರೂ ನಲವತ್ತಕ್ಕೆ ಊರ ಹೊರಗಿನ ಗುಡ್ಡೆಯ ಗಾಲ್ಫ್ ಮೈದಾನದಲ್ಲಿ ಮೊದಲ ಹೊಡೆತ. 18 ಹೋಲ್, ಅಂದರೆ ಹದಿನೆಂಟು ಗುಂಡಿಗೆ ಚೆಂಡು ಹಾಕಿ ಮುಗಿಸುವಷ್ಟು ಸೊಂಟ ನಮ್ಮಲ್ಲಿ ಯಾರಿಗೂ ಉಳಿದಿಲ್ಲ, ಹಾಗಾಗಿ 9 ಹೋಲ್. ಎರಡು ಗಂಟೆಯ ಕೆಲಸ. ಬರುವ ದಾರಿಯಲ್ಲಿ ಬನ್ಸು, ಕಾಫಿ. ಒಂಬತ್ತೂವರೆಗೆ ಮನೆ. ಆಮೇಲೆ ಹೆಂಡತಿ ಹೇಳಿದಲ್ಲಿಗೆ.

ನಿನ್ನೆ ಹೆಂಡತಿ ಹೇಳಿದ್ದು ಸುರತ್ಕಲ್. ಅವಳ ಚಿಕ್ಕಮ್ಮನ ಮಗಳ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಹನ್ನೊಂದಕ್ಕೆ ಸತ್ಯನಾರಾಯಣ ಪೂಜೆ. "ಪೂಜೆಗೇ ಇರ್ಬೇಕು, ಊಟಕ್ಕೆ ಮಾತ್ರ ಹೋದ ಹಾಗೆ ಆಗ್ಬಾರ್ದು" ಎಂದು ಶನಿವಾರ ರಾತ್ರಿ ಮೂರು ಸಲ ಹೇಳಿದ್ದಳು. ನಾನೂ ಮೂರು ಸಲ ತಲೆಯಾಡಿಸಿದ್ದೆ. ಎರಡು ಗಂಟೆಯ ಆಟಕ್ಕೆ ನಾಲ್ಕು ಗಂಟೆ ಸಮಯ ಉಂಟಲ್ಲ ಎಂಬ ಧೈರ್ಯ.

ನಾವು ಮೂವರು. ನಾನು, ನನ್ನ ಭಾವ, ಮತ್ತೊಬ್ಬರು ಹಲ್ಲಿನ ಡಾಕ್ಟ್ರು. ನಮಗಿಂತ ಮುಂದೆ ನಾಲ್ವರ ಒಂದು ತಂಡ. ಅದರ ನಡುವೆ ಬಿಳಿ ಟೋಪಿಯ ಒಬ್ಬರು. ಅವರನ್ನು ಕಂಡದ್ದೇ ಕ್ಯಾಡಿ ಹುಡುಗ ನನ್ನ ಚೀಲವನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕುಳಿತುಬಿಟ್ಟ.

"ಎಂತ, ಸುಸ್ತಾ?" ಎಂದೆ.

"ಇಲ್ಲ ಸರ್. ಅವ್ರು ಉಂಟಲ್ಲ, ನಿಂತ್ರೆ ಕಾಲು ನೋಯ್ತದೆ."

ನಾನು ಒಳ್ಳೆಯ ಆಟಗಾರ ಅಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಭಾವ ಹೇಳುತ್ತಾನೆ. ಆದರೆ ನನ್ನ ಹಾಳು ಹೊಡೆತವನ್ನು ನಾನು ಹತ್ತು ಸೆಕೆಂಡಿನಲ್ಲಿ ಹೊಡೆದು ಮುಗಿಸುತ್ತೇನೆ. ಇನ್ನೊಬ್ಬರ ಸಮಯ ತಿನ್ನುವುದಿಲ್ಲ. 2019ರಲ್ಲಿ ಗಾಲ್ಫಿನ ನಿಯಮಗಳನ್ನು ಹೊಸದಾಗಿ ಬರೆದರಲ್ಲ, ಅದರಲ್ಲಿ ಒಂದು ಹೊಡೆತಕ್ಕೆ 40 ಸೆಕೆಂಡು ಸಾಕು ಎಂದು ಸಲಹೆ ಕೊಟ್ಟಿದ್ದಾರೆ. ನನ್ನ ಲೆಕ್ಕದಲ್ಲಿ ಪ್ರತಿ ಹೊಡೆತಕ್ಕೂ 30 ಸೆಕೆಂಡು ಉಳಿತಾಯ. ನಾನು ಹೊಡೆಯುವ ಹೊಡೆತಗಳ ಸಂಖ್ಯೆ ನೋಡಿದರೆ ಅದೇ ಒಂದು ದೊಡ್ಡ ಮೊತ್ತ ಆಗುತ್ತದೆ.

ಬಿಳಿ ಟೋಪಿಯವರದ್ದು ಹೊಡೆತ ಅಲ್ಲ. ಅದು ಒಡ್ಡೋಲಗ.

ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವಾಗ ಸೀದಾ ಬರುತ್ತದಾ? ಮೊದಲು ತೆರೆಯ ಹಿಂದಿನಿಂದ ಕಿರೀಟದ ತುದಿ. ಆಮೇಲೆ ಒಂದು ಕೈ. ಮತ್ತೆ ಬೆನ್ನು. ಚೆಂಡೆ ಬಿಡದೆ ಬಡಿಯುತ್ತಿರಬೇಕು. ಇವರದ್ದೂ ಹಾಗೆಯೇ, ಚೆಂಡೆಯೊಂದು ಇಲ್ಲ. ಮೊದಲು ಚೆಂಡಿನ ಹಿಂದೆ ಹತ್ತು ಹೆಜ್ಜೆ ಹೋಗಿ ನಿಲ್ಲುತ್ತಾರೆ. ಒಂದು ಕಣ್ಣು ಮುಚ್ಚಿ, ಮೇಸ್ತ್ರಿ ನೂಲಿಗೆ ಗುಂಡು ಕಟ್ಟಿ ಗೋಡೆ ನೋಡುವ ಹಾಗೆ, ಕ್ಲಬ್ಬನ್ನು, ಅಂದರೆ ಚೆಂಡು ಹೊಡೆಯುವ ಕೋಲನ್ನು, ನೇತಾಡಿಸಿ ನೋಡುತ್ತಾರೆ. ಗೋಡೆ ಓರೆ ಇದೆ ಅನ್ನಿಸುತ್ತದೋ ಏನೋ, ತಲೆ ಅಲ್ಲಾಡಿಸುತ್ತಾರೆ. ಆಮೇಲೆ ಬಗ್ಗಿ ಒಂದು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ಬಿಡುತ್ತಾರೆ.

ಗಾಳಿ! ಮೇ ತಿಂಗಳು ಮಾರಾಯ್ರೆ. ಬೆಳಗ್ಗೆ ಏಳು ಗಂಟೆಗೇ ಬನಿಯನ್ ಬೆನ್ನಿಗೆ ಅಂಟಿದೆ. ಗೇರು ಮರದ ಒಂದು ಎಲೆ ಅಲ್ಲಾಡುತ್ತಿಲ್ಲ. ಹುಲ್ಲು ನೆಟ್ಟಗೆ ಅವರ ಬೂಟಿನ ಮೇಲೆಯೇ ಬಿತ್ತು. ಅವರಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಚಿಟಿಕೆ. ಅದೂ ಬೂಟಿನ ಮೇಲೆ.

ಈಗ ಹೊಡೆಯುತ್ತಾರೆ ಎಂದು ನಾವು ಎದ್ದು ನಿಂತೆವು. ಅವರು ಕೈಗವುಸು ಬಿಚ್ಚಿದರು. ಚರ್ರ್ ಎಂಬ ಆ ಸದ್ದು ನೂರೈವತ್ತು ಗಜ ದೂರದ ನಮಗೂ ಕೇಳಿಸಿತು. ಅಂಗೈ ಒರೆಸಿದರು. ಮತ್ತೆ ಹಾಕಿದರು. ಚರ್ರ್. ಕೈಯಲ್ಲಿದ್ದ ಕ್ಲಬ್ಬನ್ನು ಚೀಲಕ್ಕೆ ಹಾಕಿ ಬೇರೆ ತೆಗೆದರು. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರಬಾರದು ಎಂದು ನಿಯಮ ಉಂಟು. ಆ ನಿಯಮ ಮಾಡಿದವರ ಹೊಟ್ಟೆ ತಣ್ಣಗಿರಲಿ. ನಲವತ್ತು ಇರಬಹುದು ಎಂದಿದ್ದರೆ ನಾವು ಮಳೆಗಾಲದ ತನಕ ಅಲ್ಲೇ ಇರಬೇಕಿತ್ತು. ಕೊನೆಗೆ ಮೊದಲು ಹಿಡಿದಿದ್ದನ್ನೇ ಪುನಃ ತೆಗೆದರು.

ಆಮೇಲೆ ಸುಮ್ನೆ ಗಾಳಿಯಲ್ಲಿ ಬೀಸುವುದು. ಒಂದು, ಎರಡು, ಮೂರು, ನಾಲ್ಕು, ಐದು. ನಾನು ಸುಳ್ಳು ಹೇಳುವುದಿಲ್ಲ, ಐದೂ ಬಹಳ ಚಂದ. ಸೊಂಟ ತಿರುಗಿದ ರೀತಿ, ತಲೆ ಅಲ್ಲಾಡದ ರೀತಿ, ಪುಸ್ತಕದಲ್ಲಿ ಚಿತ್ರ ಹಾಕಬಹುದು. ಆರನೆಯದು ಚೆಂಡಿಗೆ. ಚೆಂಡು ಇಪ್ಪತ್ತು ಅಡಿ ಉರುಳಿ ನಿಂತಿತು.

ಅವರು ಆ ಚೆಂಡಿನ ಹಿಂದೆ ಹೋಗಿ, ಹತ್ತು ಹೆಜ್ಜೆ ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿದರು.

"ಎಂಚಿನ ಸಾವು ಮಾರಾಯ್ರೆ," ಎಂದರು ನಮ್ಮ ಡಾಕ್ಟ್ರು. ಹಲ್ಲು ಕೀಳಿಸಿಕೊಳ್ಳುವವರು ಎಷ್ಟು ಬೊಬ್ಬೆ ಹಾಕಿದರೂ ತಾಳ್ಮೆ ಕಳೆದುಕೊಳ್ಳದ ಮನುಷ್ಯ ಅವರು.

ದೊಡ್ಡ ದೊಡ್ಡ ಆಟಗಾರರಲ್ಲೂ ಈ ಕಾಯಿಲೆ ಉಂಟು, ಒಪ್ಪುತ್ತೇನೆ. 2018ರಲ್ಲಿ ಅಮೆರಿಕದ ಟೊರಿ ಪೈನ್ಸ್‌ನಲ್ಲಿ ಜೆ.ಬಿ. ಹೋಮ್ಸ್ ಕೊನೆಯ ಹೋಲ್‌ನಲ್ಲಿ ಒಂದು ಹೊಡೆತಕ್ಕೆ ನಾಲ್ಕು ನಿಮಿಷಕ್ಕೂ ಜಾಸ್ತಿ ತೆಗೆದುಕೊಂಡಿದ್ದರು. ಅಷ್ಟು ಆಲೋಚನೆ ಮಾಡಿದವರು ಕೊನೆಗೆ ಗ್ರೀನಿಗೆ, ಅಂದರೆ ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ ಜಾಗಕ್ಕೆ, ಹೊಡೆಯುವ ಧೈರ್ಯ ಮಾಡದೆ, ಸ್ವಲ್ಪ ಮುಂದಕ್ಕೆ ತಳ್ಳಿ ಸುಮ್ಮನಾದರು. ನಮ್ಮ ಐಕಳ ಕಂಬಳದಲ್ಲಿ 2020ರಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ಹೋಮ್ಸ್ ಅವರ ಒಂದು ಹೊಡೆತ ಮುಗಿಯುವಷ್ಟರಲ್ಲಿ ಅಂಥ ಓಟ ಹದಿನೆಂಟು ಸಲ ಓಡಬಹುದಿತ್ತು. ಕೋಣಗಳು ಒಪ್ಪಿದರೆ.

ನಾನು ಹೇಳುವುದು ಇಷ್ಟೇ. ಇದು ಬೇರೆ ಊರಾದರೆ ಸಹಿಸಬಹುದಿತ್ತೋ ಏನೋ. ನಮ್ಮದು ಖಾಸಗಿ ಬಸ್ಸಿನ ಊರು. ಇಲ್ಲಿ ಬಸ್ಸಿಗೆ ಬಸ್ಸಿಗೆ ಇರುವ ಅಂತರವೇ ಕೆಲವು ನಿಮಿಷ. ಎದುರಿನ ಬಸ್ಸು ಸ್ಟಾಪಿನಲ್ಲಿ ಎರಡು ನಿಮಿಷ ಜಾಸ್ತಿ ನಿಂತಿತೋ, ಹಿಂದಿನ ಬಸ್ಸಿನವ ಹಾರ್ನ್ ಒತ್ತಿ ಹಿಡಿದು, ಮುಂದಿನ ಸ್ಟಾಪಿನಲ್ಲಿ ಅಡ್ಡ ನಿಲ್ಲಿಸಿ, ಟೈಮಿನ ಪಂಚಾಯ್ತಿ ಶುರು ಮಾಡುತ್ತಾನೆ. ಅಜ್ಜಿಯ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯಲ್ಲಿ ಇರುವಾಗಲೇ ಕಂಡಕ್ಟರ್ "ರೈಟ್, ಪೋಯಿ" ಅನ್ನುತ್ತಾನೆ. ಅದನ್ನು ಕೇಳಿಕೊಂಡೇ ಬೆಳೆದವರು ನಾವು. ರಾತ್ರಿಯಿಡೀ ಆಟ ಆಡುತ್ತಿದ್ದ ಎಷ್ಟೋ ಮೇಳಗಳೇ ಈಗ ಕಾಲಮಿತಿಗೆ ಬಂದಿವೆ. ಮಹಿಷಾಸುರನಿಗೆ ಇಲ್ಲದ ಪುರುಸೊತ್ತು ಈ ಟೋಪಿಗೆ ಎಲ್ಲಿಂದ?

ನಾಲ್ಕನೇ ಹೋಲ್‌ನಲ್ಲಿ ಭಾವ ಹೋಗಿ ಕೇಳಿದ. ತುಂಬಾ ಮರ್ಯಾದೆಯಿಂದ. "ನಾವು ಮೂರೇ ಜನ, ಸ್ವಲ್ಪ ಮುಂದೆ ಬಿಡ್ತೀರಾ?" ಹಿಂದಿನವರು ಬೇಗ ಆಡುವವರಾದರೆ ದಾರಿ ಬಿಡುವುದು ಈ ಆಟದ ಹಳೆಯ ರಿವಾಜು. ಬಿಳಿ ಟೋಪಿಯವರು ನಕ್ಕರು. ಒಳ್ಳೆಯ ನಗು, ಅದೇ ಇನ್ನೂ ಬೇಸರ.

"ಬಿಡ್ಬಹುದಿತ್ತು ಮಾರಾಯ್ರೆ, ಆದ್ರೆ ನಮ್ಮ ಎದುರೂ ಉಂಟಲ್ಲ."

ಎದುರಿಗೆ ಇದ್ದದ್ದು ಎರಡು ನವಿಲು. ಅವೂ ಇವರಿಗಿಂತ ಬೇಗ ಜಾಗ ಬಿಟ್ಟವು.

ಐದನೇ ಹೋಲ್‌ನಲ್ಲಿ ಅವರ ಚೆಂಡು ಕಳೆದುಹೋಯಿತು. ಮುರಕಲ್ಲಿಗೆ ಬಡಿದು, ಎಡಕ್ಕೆ ಹಾರಿ, ಪೊದೆಯೊಳಗೆ. ಮೊದಲು ಚೆಂಡು ಹುಡುಕಲು 5 ನಿಮಿಷ ಇತ್ತು, 2019ರ ನಿಯಮದಲ್ಲಿ ಅದನ್ನು 3 ನಿಮಿಷಕ್ಕೆ ಇಳಿಸಿದ್ದಾರೆ. ನಾನು ವಾಚು ನೋಡಿದೆ. ಮೂರಾಯಿತು. ಆರಾಯಿತು. ನಾಲ್ವರೂ ಅವರವರ ಕ್ಯಾಡಿಗಳೂ ಕೋಲು ಹಿಡಿದು ಪೊದೆ ಬಡಿಯುತ್ತಿದ್ದರು, ಹಾವು ಹುಡುಕುವವರ ಹಾಗೆ. ಬಿಳಿ ಟೋಪಿಯವರು ಮೊಣಕಾಲೂರಿ, ಎರಡೂ ಕೈಯಿಂದ ತರಗೆಲೆ ಸರಿಸುತ್ತಿದ್ದರು. ಟೋಪಿ ಬಿದ್ದದ್ದೂ ಅವರಿಗೆ ಗೊತ್ತಿರಲಿಲ್ಲ.

ಆ ಹೊತ್ತಿನಲ್ಲಿ ನನಗೆ ನಮ್ಮ ಕೊಯ್ಲು ಮುಗಿದ ಗದ್ದೆ ನೆನಪಾಯಿತು, ಯಾಕೋ. ಕೊತ್ತಳಿಗೆಯ ಬ್ಯಾಟು. ಹನ್ನೊಂದು ಹುಡುಗರು ನಾಲ್ಕಾಣೆ ಎಂಟಾಣೆ ಸೇರಿಸಿ ತಂದ ಒಂದೇ ಒಂದು ಚೆಂಡು. ಅದು ತೋಡಿನ ಬದಿಯ ಮುಂಡುಗನ ಪೊದೆಗೆ ಬಿದ್ದರೆ ಆಟ ಅಲ್ಲಿಗೇ ನಿಂತು, ಹುಡುಕುವುದೇ ಆಟವಾಗುತ್ತಿತ್ತು. ಮುಳ್ಳು ಗೀರಿದ ಕೈ, ಮನೆಯಿಂದ ಅಮ್ಮನ ಕೂಗು, ದೀಪ ಹಚ್ಚುವ ಹೊತ್ತು. ಸಿಗದಿದ್ದರೆ ನಾಳೆ ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಮತ್ತೆ. ಮೂರು ನಿಮಿಷ ಎಂದು ಯಾರಾದರೂ ಹೇಳಿದ್ದರೆ ನಾವು ಅವನನ್ನೇ ಪೊದೆಗೆ ತಳ್ಳುತ್ತಿದ್ದೆವು. ಒಂದು ಸಲ ಚೆಂಡು ಸಿಕ್ಕಿದ್ದು ಮುಂದಿನ ವರ್ಷ, ಅರ್ಧ ಕೊಳೆತು. ಅದನ್ನು ಹಿಡಿದುಕೊಂಡು ನಾವು ಊರಿಡೀ ಓಡಿದ್ದೆವು.

"ಸಿಕ್ಕಿತು!" ಎಂದು ಪೊದೆಯಿಂದ ಕೂಗು ಬಂತು. ನನಗೂ ಒಂದು ಕ್ಷಣ ಖುಷಿಯಾದದ್ದು ನಿಜ. ಆಮೇಲೆ ಅವರು ಚೆಂಡನ್ನು ತಿರುಗಿಸಿ ನೋಡಿ, "ಇದು ನಂದಲ್ಲ" ಎಂದು ಮತ್ತೆ ಬಗ್ಗಿದರು. ಗದ್ದೆಯ ನೆನಪು ಅಲ್ಲಿಗೆ ಮುಗಿಯಿತು.

ಏಳನೇ ಗ್ರೀನಿನ ಕಥೆ ಚಿಕ್ಕದಾಗಿ ಹೇಳುತ್ತೇನೆ, ನೆನಪಾದರೆ ಮಂಡೆ ಬೆಚ್ಚ ಆಗುತ್ತದೆ. ಹೋಲ್ ಅಂದರೆ ನಾಲ್ಕೂಕಾಲು ಇಂಚಿನ ಒಂದು ಗುಂಡಿ. ಅವರು ಅದಕ್ಕೆ ಪೂರ್ತಿ ಒಂದು ಪ್ರದಕ್ಷಿಣೆ ಬಂದರು. ಕದ್ರಿ ದೇವಸ್ಥಾನದಲ್ಲೂ ಅಷ್ಟು ನಿಧಾನಕ್ಕೆ, ಅಷ್ಟು ಭಕ್ತಿಯಿಂದ ಬಂದಿರಲಿಕ್ಕಿಲ್ಲ. ಚೆಂಡು ಒಳಗೆ ಬಿದ್ದ ಮೇಲಾದರೂ ಹೊರಡಬೇಕಲ್ಲ? ನಾಲ್ವರೂ ಅಲ್ಲೇ ಗುಂಡಿಯ ಸುತ್ತ ನಿಂತು ಲೆಕ್ಕಕ್ಕೆ ಶುರು ಮಾಡಿದರು. "ಅದು ಏಳಾ, ಎಂಟಾ?" "ಪೊದೆಯದ್ದು ಸೇರಿಸಿದ್ರಾ?" "ಪೊದೆ ಐದರಲ್ಲಿ ಅಲ್ವಾ?" ಕುಟುಂಬದ ಜಾಗ ಪಾಲು ಮಾಡುವಾಗಲೂ ಇಷ್ಟು ಚರ್ಚೆ ಆಗುವುದಿಲ್ಲ. ಆ ಲೆಕ್ಕವನ್ನು ಮುಂದಿನ ಹೋಲ್‌ಗೆ ಹೋಗಿ ಬರೆಯಬಹುದು ಸ್ವಾಮಿ! ಕೂಗಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಬಸ್ಸಿನಲ್ಲಿ ಬರುವ ಬಾಯಿ ಗಾಲ್ಫಿನಲ್ಲಿ ಬರುವುದಿಲ್ಲ.

2013ರ ಮಾಸ್ಟರ್ಸ್ ಟೂರ್ನಿಯಲ್ಲಿ ಚೀನಾದ ಗುವಾನ್ ಟಿಯಾನ್‌ಲಾಂಗ್ ಎಂಬ 14 ವರ್ಷದ ಹುಡುಗನಿಗೆ ನಿಧಾನ ಆಡಿದ್ದಕ್ಕೆ ಒಂದು ಹೊಡೆತದ ದಂಡ ಹಾಕಿದ್ದರು. ಹದಿನಾಲ್ಕು ವರ್ಷದ ಮಗು! ಇಲ್ಲಿ ಅರುವತ್ತು ದಾಟಿದವರಿಗೆ ಒಂದು "ಹೋಯ್" ಅನ್ನುವವರೂ ಇಲ್ಲ.

ಅಷ್ಟರಲ್ಲಿ ಫೋನ್ ಬಂತು.

"ಎಲ್ಲಿದ್ದೀರಿ?"

"ಏಳರಲ್ಲಿ."

"ಗಂಟೆ ಹತ್ತೂಕಾಲು ಆಯ್ತು. ಏಳು ಎಂತದು?"

ವಿವರಿಸಲು ಹೋದೆ. ಅವಳು ಆಗಲೇ ಫೋನ್ ಇಟ್ಟಾಗಿತ್ತು. ಆ ಬಿಸಿಯಲ್ಲೇ ಹೊಡೆದ ನನ್ನ ಚೆಂಡು ಕಲ್ಲಿಗೆ ತಾಗಿ, ನಾನು ನಿಂತಲ್ಲಿಗಿಂತಲೂ ಹಿಂದೆ ಹೋಗಿ ಬಿತ್ತು. ಅದನ್ನೂ ನಾನು ಬಿಳಿ ಟೋಪಿಯ ಖಾತೆಗೇ ಬರೆದಿದ್ದೇನೆ.

ಒಂಬತ್ತು ಹೋಲ್ ಮುಗಿದಾಗ ಹನ್ನೊಂದು. ಬನ್ಸು ಇಲ್ಲ, ಕಾಫಿ ಇಲ್ಲ. ಮನೆಗೆ ಹೋಗಿ ನಾಲ್ಕು ಚೆಂಬು ನೀರು ಸುರಿದುಕೊಂಡು, ಮಾತಾಡದ ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸೊಂದು ನನ್ನನ್ನು ಅಂಚಿಗೆ ತಳ್ಳಿ ಹಾರಿತು. ಜೀವಮಾನದಲ್ಲಿ ಮೊದಲ ಸಲ ಆ ಡ್ರೈವರ್ ಮೇಲೆ ಗೌರವ ಬಂತು. ಸುರತ್ಕಲ್ ಮುಟ್ಟುವಾಗ ಪೂಜೆ ಮುಗಿದು, ಪ್ರಸಾದ ಹಂಚಿ, ಊಟವೇ ಅರ್ಧ ಆಗಿತ್ತು. ಅಂಗಳದಲ್ಲಿ ಶಾಮಿಯಾನ, ಬಫೆ, ಉದ್ದದ ಸಾಲು.

ತಟ್ಟೆ ಹಿಡಿದು ನಿಂತೆ. ಹೊಟ್ಟೆ ಬೆನ್ನಿಗೆ ಅಂಟಿತ್ತು. ಸಾಲು ಮುಂದೆ ಹೋಗುತ್ತಿಲ್ಲ. ನನ್ನ ಎದುರಿನವರು ಕೋಸಂಬರಿಯ ಪಾತ್ರೆಯ ಮುಂದೆ ನಿಂತಿದ್ದಾರೆ. ಸೌಟು ಎತ್ತಿದರು. ನೋಡಿದರು. ಇಟ್ಟರು. ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಪಲ್ಯದ ಕಡೆ ನೋಡಿದರು. ಮತ್ತೆ ಕೋಸಂಬರಿಯ ಸೌಟು. ಕುತ್ತಿಗೆಯಲ್ಲಿ ಟೋಪಿಯ ಪಟ್ಟಿಯ ಕೆಳಗೆ ಸುಟ್ಟ ಗೆರೆ, ನನ್ನದರಂತೆಯೇ.

ಮಂಗಳೂರು ಎಷ್ಟು ದೊಡ್ಡದಾದರೂ ಮದುವೆ, ಒಕ್ಕಲಿನ ದಿನ ಸಣ್ಣದೇ. ಅವರು ಮನೆ ಯಜಮಾನನ ದೊಡ್ಡಪ್ಪನಂತೆ. ನನ್ನ ಹಿಂದಿದ್ದ ಅಜ್ಜಿ ತಟ್ಟೆಯ ಅಂಚಿನಿಂದ ನನ್ನ ಬೆನ್ನಿಗೆ ಕುಟ್ಟಿ, "ಎಂತ ಮಗಾ, ಸ್ವಲ್ಪ ಮುಂದೆ ಹೋಗು" ಎಂದರು. ಅದು ಕೇಳಿಸಿ ಅವರು ಹಿಂದೆ ತಿರುಗಿದರು. ನನ್ನನ್ನು ಗುರುತು ಹಿಡಿದರು. ಅದೇ ನಗು.

"ಓಹೋ, ನೀವಾ! ಬನ್ನಿ ಬನ್ನಿ, ನೀವು ಮುಂದೆ ಹೋಗಿ. ನಂದು ಸ್ವಲ್ಪ ನಿಧಾನ."

ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾಲ್ಕು ಗಂಟೆ ಕಾದ ದಾರಿ. ನಾನು ಸೀದಾ ಸಾಲಿನ ಕೊನೆಗೆ, ಸಿಹಿ ಹಯಗ್ರೀವದ ಪಾತ್ರೆಯ ಹತ್ತಿರ ಹೋದೆ. ಒಳಗೆ ಉಳಿದದ್ದು ಸೌಟು ಮಾತ್ರ.

ತಿರುಗಿ ನೋಡಿದೆ. ಅವರದ್ದು ಎರಡನೇ ಸುತ್ತು. ತಟ್ಟೆಯ ಒಂದು ಬದಿಯಲ್ಲಿ, ಮೇಲೆ ಎರಡು ಗೋಡಂಬಿ ಕೂತ, ಇನ್ನೂ ಮುಟ್ಟದ ಹಯಗ್ರೀವದ ಗುಡ್ಡೆ. ಒಂದು ಕಣ್ಣು ಮುಚ್ಚಿ ಅವರು ಸಾರಿನ ಪಾತ್ರೆಯನ್ನು ನೋಡುತ್ತಿದ್ದರು.